ಕಲ್ನಾರಿನ ಶೀಟಿಗೆ ಡ್ರಿಲ್ ಇಡುವ ಮುನ್ನ: ಕಟ್ಟಡ ನಿರ್ವಹಣಾ ಸಿಬ್ಬಂದಿಗೆ ಅರಿವಿನ ತರಬೇತಿ ನಡೆಸುವ ಬಗೆ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಶಾಲೆ, ಕಾರ್ಖಾನೆ, ಕಲ್ಯಾಣಮಂಟಪ, ಅಪಾರ್ಟ್‌ಮೆಂಟು ಎಲ್ಲೆಡೆಯೂ ಒಂದೇ ಕೆಲಸ: ಸೋರುವ ಮಾಡಿನ ದುರಸ್ತಿ. ಸೈಕಲ್ ಸ್ಟ್ಯಾಂಡಿನ ಒಡೆದ ಶೀಟನ್ನು ಕೆಳಗಿಳಿಸುತ್ತಾರೆ, ಹೊಸದನ್ನು ಅಳತೆಗೆ ತಕ್ಕಂತೆ ಗ್ರೈಂಡರಿನಲ್ಲಿ ಕೊಯ್ಯುತ್ತಾರೆ, ಬೋಲ್ಟಿಗಾಗಿ ಡ್ರಿಲ್ಲಿನಲ್ಲಿ ತೂತು ಹೊಡೆಯುತ್ತಾರೆ. ಬೂದು ಬಣ್ಣದ ದೂಳು ಹುಬ್ಬು, ಮೀಸೆ, ಅಂಗಿಯ ಮೇಲೆಲ್ಲ ಕೂರುತ್ತದೆ. ಕೆಲಸಗಾರ ಹೆಗಲ ಟವೆಲಿನಿಂದ ಅದನ್ನು ಕೊಡವಿ ಬುತ್ತಿ ಬಿಚ್ಚುತ್ತಾನೆ. ಯಾವ ಸಿಮೆಂಟಿನ ದೂಳಿಗೂ ಬರುವಷ್ಟೇ ಕೆಮ್ಮು ಬಂದು ಹೋಗುತ್ತದೆ. ಅವತ್ತು ಏನೂ ಆಗುವುದಿಲ್ಲ, ಮರುದಿನವೂ ಆಗುವುದಿಲ್ಲ, ಮುಂದಿನ ಹತ್ತು ವರ್ಷವೂ ಆಗದೆ ಇರಬಹುದು. ಕೆಲಸಗಾರರಿಗೆ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಅಪಾಯವನ್ನು ಮನವರಿಕೆ ಮಾಡುವುದು ಇಷ್ಟು ಕಷ್ಟವಾಗುವುದು ಇದರಿಂದಲೇ.

ನಾನು ಮೇಲ್ವಿಚಾರಕನಾಗಿ ನಡೆಸಿದ ಮೊದಲ ತರಬೇತಿ ವ್ಯರ್ಥವಾಗಿತ್ತು. ಪರದೆಯ ಮೇಲೆ ಚಿತ್ರ ತೋರಿಸಿದೆ, ಕಾಯಿಲೆಗಳ ಹೆಸರು ಓದಿದೆ, ಹಾಜರಿಗೆ ಸಹಿ ಹಾಕಿಸಿಕೊಂಡೆ. ಮರುದಿನ ಬೆಳಿಗ್ಗೆ ಅದೇ ತಂಡದ ಎಲೆಕ್ಟ್ರಿಷಿಯನ್ ಅದೇ ಆವರಣದ ಷೆಡ್ಡಿನಲ್ಲಿ ವೈರಿನ ಕ್ಲಾಂಪು ಕೂರಿಸಲು ಶೀಟಿಗೇ ತೂತು ಕೊರೆಯುತ್ತಿದ್ದ. ಕೇಳಿದಾಗ ಆತ ನಿಜವಾಗಿಯೂ ಆಶ್ಚರ್ಯಪಟ್ಟ: "ಸಾರ್, ನೀವು ನಿನ್ನೆ ಹೇಳಿದ್ದು ಆಸ್ಬೆಸ್ಟಾಸ್ ಅಲ್ಲವೇ? ಇದು ಸಿಮೆಂಟ್ ಶೀಟು." ತಪ್ಪು ಅವನದಾಗಿರಲಿಲ್ಲ. ಅವನ ತಲೆಯ ಮೇಲೆಯೇ ಇದ್ದ ವಸ್ತುವನ್ನು ಅವನು ಕರೆಯುವ ಹೆಸರಿನಿಂದ ನಾನು ಕರೆದಿರಲಿಲ್ಲ. ಕೆಳಗಿರುವ ಕ್ರಮ ಆ ದಿನದ ನಂತರ ವರ್ಷಗಟ್ಟಲೆ ತಿದ್ದಿಕೊಂಡು ಬಂದದ್ದು.

ಮೊದಲ ಹೆಜ್ಜೆ: ಈ ತರಬೇತಿ ಯಾವುದಕ್ಕೆ, ಯಾವುದಕ್ಕಲ್ಲ

ಅರಿವಿನ ತರಬೇತಿ ಪಡೆದವನು ಕಲ್ನಾರನ್ನು ತೆಗೆಯಲು ಅರ್ಹನಾಗುವುದಿಲ್ಲ. ಅದನ್ನು ಗುರುತಿಸಲು, ಮುಟ್ಟದೆ ನಿಲ್ಲಲು, ತಕ್ಷಣ ತಿಳಿಸಲು, ಹೆಚ್ಚೆಂದರೆ ಒಡೆದು ಬಿದ್ದ ಒಂದೆರಡು ಚೂರನ್ನು ಎಚ್ಚರದಿಂದ ಚೀಲಕ್ಕೆ ಹಾಕಲು ಕಲಿಯುತ್ತಾನೆ, ಅಷ್ಟೆ. ಅಮೆರಿಕದಲ್ಲಿ ಶಾಲಾ ಕಟ್ಟಡಗಳಿಗಾಗಿ 1986ರಲ್ಲಿ ಬಂದ ಕಾನೂನಿನ ನಿಯಮಗಳು ಈ ಗೆರೆಯನ್ನು ಚೆನ್ನಾಗಿ ಎಳೆದಿವೆ: ಕಲ್ನಾರು ಇರುವ ಕಟ್ಟಡದಲ್ಲಿ ದುಡಿಯುವ ಪ್ರತಿ ನಿರ್ವಹಣಾ ಮತ್ತು ಸ್ವಚ್ಛತಾ ಸಿಬ್ಬಂದಿಗೆ ಕನಿಷ್ಠ 2 ಗಂಟೆಯ ಅರಿವಿನ ತರಬೇತಿ, ಕೆಲಸದ ವೇಳೆ ಕಲ್ನಾರನ್ನು ಕದಲಿಸಬೇಕಾಗಿ ಬರುವವರಿಗೆ ಅದರ ಮೇಲೆ ಇನ್ನೂ 14 ಗಂಟೆ. ಬ್ರಿಟನ್ನಿನಲ್ಲಿಯೂ 2012ರ ನಿಯಮಗಳ ಪ್ರಕಾರ ಅರಿವಿನ ತರಬೇತಿ ಬೇರೆ, ತೆಗೆಯುವ ತರಬೇತಿ ಬೇರೆ. ನಮ್ಮಲ್ಲಿ ಎರಡು ಗಂಟೆಯ ಪ್ರಮಾಣಪತ್ರ ಕೈಗೆ ಬಂದರೆ ಗುತ್ತಿಗೆದಾರರು "ನಮ್ಮ ಹುಡುಗರಿಗೆ ತರಬೇತಿ ಆಗಿದೆ" ಎಂದು ಇಡೀ ಮಾಡನ್ನೇ ಇಳಿಸಲು ಕಳುಹಿಸಿಬಿಡುತ್ತಾರೆ. ಹಾಗಾಗಿ ತರಬೇತಿಯ ಮೊದಲ ಮಾತೂ ಕೊನೆಯ ಮಾತೂ ಇದೇ ಆಗಿರಲಿ.

ಎರಡನೆಯ ಹೆಜ್ಜೆ: ತರಗತಿಗಿಂತ ಮುಂಚೆ ಕಟ್ಟಡವನ್ನು ಸುತ್ತಿ ಬನ್ನಿ

ಬ್ರಿಟನ್ನಿನ ಕೆಲಸಗಾರನಿಗೆ ಒಂದು ಅನುಕೂಲವಿದೆ. ಅಲ್ಲಿ 1999ರಲ್ಲಿ ಕಲ್ನಾರು ಪೂರ್ತಿಯಾಗಿ ನಿಷೇಧವಾಯಿತು. ಕಟ್ಟಡ ಅದಕ್ಕಿಂತ ಹಳೆಯದಾದರೆ ಅನುಮಾನಿಸಬೇಕು ಎಂಬ ಸರಳ ಲೆಕ್ಕ ಸಾಕು. ಭಾರತದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಬಿಳಿ ಕಲ್ನಾರು, ಅಂದರೆ ಕ್ರೈಸೊಟೈಲ್, ಇಲ್ಲಿ ನಿಷೇಧವಾಗಿಲ್ಲ. ರಷ್ಯಾ ಮುಂತಾದ ಕಡೆಗಳಿಂದ ನಾರು ಆಮದಾಗುತ್ತದೆ, ಅದರಿಂದ ಶೀಟುಗಳು ತಯಾರಾಗುತ್ತವೆ. ಐವತ್ತು ವರ್ಷದ ಹಂಚಿನ ಕಟ್ಟಡದಲ್ಲಿ ಕಲ್ನಾರು ಇಲ್ಲದಿರಬಹುದು, ಹೋದ ವರ್ಷ ಕಟ್ಟಿದ ಕಾವಲುಗಾರನ ಕೊಠಡಿಯ ಮೇಲೆ ಇರಬಹುದು. ವಯಸ್ಸು ನೋಡಿ ತೀರ್ಮಾನಿಸುವಂತಿಲ್ಲ, ಕಣ್ಣಾರೆ ಹುಡುಕಬೇಕು.

ಒಂದು ನೋಟ್‌ಪುಸ್ತಕ, ಟಾರ್ಚು, ಮೊಬೈಲು ಹಿಡಿದು, ಆವರಣವನ್ನು ಚೆನ್ನಾಗಿ ಬಲ್ಲ ಹಳೆಯ ಕೆಲಸಗಾರನೊಬ್ಬನನ್ನು ಜೊತೆಗೆ ಕರೆದುಕೊಂಡು ಹೊರಡಿ. ಎಲ್ಲರ ಕಣ್ಣಿಗೂ ಬೀಳುವುದು ಅಲೆಅಲೆಯಾದ ಮಾಡಿನ ಶೀಟು. ಅದರ ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ಕಲ್ನಾರು, ಉಳಿದದ್ದು ಮುಖ್ಯವಾಗಿ ಸಿಮೆಂಟು ಮತ್ತು ಹಾರುಬೂದಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಹಳೆಯ ನೀರಿನ ಮತ್ತು ಮಲಿನ ನೀರಿನ ಕೊಳವೆಗಳು, ಪ್ಲಂಬರುಗಳು ಎ.ಸಿ. ಪೈಪ್ ಎನ್ನುವವು, ಆಸ್ಬೆಸ್ಟಾಸ್ ಸಿಮೆಂಟಿನವು. ಮಾಡಿನ ನೀರಿನ ದೋಣಿ, ಹೊಗೆ ಕೊಳವೆ, ಹಳೆಯ ಸಪಾಟು ಹಲಗೆಯ ತಡೆಗೋಡೆ ಮತ್ತು ಫಾಲ್ಸ್ ಸೀಲಿಂಗ್ ನೋಡಿ. ಬಾಯ್ಲರ್ ಕೋಣೆಯಲ್ಲಿ ಬಿಸಿ ಪೈಪಿಗೆ ಸುತ್ತಿದ ಹೊದಿಕೆ, ಪೈಪು ಜೋಡಿಸುವ ಫ್ಲಾಂಜಿನ ಗ್ಯಾಸ್ಕೆಟ್, ಸೋರದಂತೆ ಪಂಪಿನ ಗ್ಲಾಂಡಿಗೆ ತುಂಬುವ ಹಗ್ಗ ಇವೆಲ್ಲ ಅನುಮಾನದ ಪಟ್ಟಿಯಲ್ಲಿರಲಿ. ಹಳೆಯ ಲಿಫ್ಟಿನ ಬ್ರೇಕ್ ಲೈನಿಂಗ್, ಹಳೆಯ ವಿದ್ಯುತ್ ಫಲಕದ ಹಿಂದಿನ ಹಲಗೆಗಳೂ ಸೇರಲಿ.

ಆಮೇಲೆ ಹಿತ್ತಲಿಗೆ ಹೋಗಿ. ತೆಗೆದ ಶೀಟನ್ನು ನಮ್ಮವರು ಎಸೆಯುವುದಿಲ್ಲ. ಸೌದೆಯ ರಾಶಿಯ ಮೇಲೆ ಹೊದಿಸಿದ್ದು, ಕೋಳಿಗೂಡಿಗೆ ಅಡ್ಡ ಇಟ್ಟಿದ್ದು, ಕೆಸರು ದಾರಿಗೆ ಒಡೆದು ಹಾಸಿದ್ದು, ಗಿಡದ ಪಾತಿಗೆ ಅಂಚು ಕಟ್ಟಿದ್ದು ಅಲ್ಲಿ ಸಿಗುತ್ತವೆ. ಕೂತಲ್ಲೇ ಇರುವ ಇಡೀ ಶೀಟಿಗಿಂತ ದಿನವೂ ಕಾಲಿಗೆ ಸಿಕ್ಕಿ ಪುಡಿಯಾಗುವ ಈ ಚೂರುಗಳು ನನಗೆ ಹೆಚ್ಚು ಚಿಂತೆಯವು.

ಯಾವುದು ಕಲ್ನಾರು, ಯಾವುದಲ್ಲ ಎಂದು ಕಣ್ಣಿನಿಂದ ಖಚಿತವಾಗಿ ಹೇಳಲಾಗದು. ಕಲ್ನಾರಿಲ್ಲದ ನಾರು ಸಿಮೆಂಟಿನ ಶೀಟುಗಳೂ ನೋಡಲು ಹಾಗೆಯೇ ಇರುತ್ತವೆ. ಶೀಟಿನ ಮೇಲೆ ಐಎಸ್‌ಐ ಗುರುತಿನೊಂದಿಗೆ ಐಎಸ್ 459 ಎಂಬ ಸಂಖ್ಯೆ ಅಚ್ಚಾಗಿದ್ದರೆ ಅದು ಆಸ್ಬೆಸ್ಟಾಸ್ ಸಿಮೆಂಟ್ ಶೀಟು ಎಂದೇ ಅರ್ಥ. ಗುರುತು ಅಳಿಸಿದ್ದರೆ, ಖರೀದಿಯ ಬಿಲ್ ಇಲ್ಲದಿದ್ದರೆ, ಪ್ರಯೋಗಾಲಯ ಇಲ್ಲ ಎನ್ನುವವರೆಗೂ ಕಲ್ನಾರು ಎಂದೇ ತಿಳಿಯಿರಿ. ಪರೀಕ್ಷೆಗೆಂದು ನೀವೇ ಚೂರು ಮುರಿದು ಕಳುಹಿಸಬೇಡಿ. ಮಾದರಿ ತೆಗೆಯುವುದೂ ತರಬೇತಿ ಪಡೆದವರ ಕೆಲಸ.

ಕೊನೆಗೆ ಪ್ರತಿ ಜಾಗದ ಫೋಟೊ, ಸ್ಥಿತಿ, ದಿನಾಂಕ ಬರೆದ ಪಟ್ಟಿಯೊಂದನ್ನು ಮಾಡಿ ನಿರ್ವಹಣಾ ಕೊಠಡಿಯ ಬಾಗಿಲಿಗೆ ಅಂಟಿಸಿ. ಪಟ್ಟಿ ಕನ್ನಡದಲ್ಲಿರಲಿ. ಉತ್ತರ ಭಾರತದ ಕೆಲಸಗಾರರು ಹೆಚ್ಚಿದ್ದರೆ ಹಿಂದಿಯಲ್ಲಿಯೂ ಇರಲಿ. ಆಯಾ ಜಾಗದಲ್ಲಿ "ಕಲ್ನಾರು: ಕೊರೆಯಬೇಡಿ, ಕೊಯ್ಯಬೇಡಿ" ಎಂದು ಕೆಂಪು ಬಣ್ಣದಲ್ಲಿ ಎದ್ದು ಕಾಣುವಂತೆ ಬರೆಸಿ.

ಮೂರನೆಯ ಹೆಜ್ಜೆ: ಯಾರನ್ನು, ಎಲ್ಲಿ, ಹೇಗೆ ಕೂರಿಸಬೇಕು

ಕಾಯಂ ಸಿಬ್ಬಂದಿಯನ್ನು ಮಾತ್ರ ಕರೆದರೆ ತರಬೇತಿ ಅರ್ಧವೇ. ಶೀಟಿನ ಮೇಲೆ ಹತ್ತುವವರು ಬಹುಪಾಲು ದಿನಗೂಲಿಯವರು. ಬಿದ್ದ ದೂಳನ್ನು ಗುಡಿಸುವವರು ಗುತ್ತಿಗೆಯ ಮಹಿಳೆಯರು. ಇಂಟರ್‌ನೆಟ್ ಕೇಬಲ್ ಎಳೆಯುವವರು, ಸಿಸಿಟಿವಿ ಕೂರಿಸುವವರು, ಬಣ್ಣ ಬಳಿಯುವವರು ಕೂಡ ಬರಲಿ. ಹನ್ನೆರಡು, ಹದಿನೈದು ಮಂದಿಗಿಂತ ಹೆಚ್ಚು ಬೇಡ. ಬೆಳಗಿನ ಹೊತ್ತು, ಎರಡು ಗಂಟೆ, ಆ ಅವಧಿಗೂ ಕೂಲಿ ಕೊಟ್ಟು ನಡೆಸಿ. ಕೂಲಿ ಕಳೆದುಕೊಂಡು ಕೂತವನ ಮನಸ್ಸು ಗಡಿಯಾರದ ಮೇಲಿರುತ್ತದೆ.

ನಾಲ್ಕನೆಯ ಹೆಜ್ಜೆ: ಬಾಳೆನಾರಿನಿಂದ ಪಾಠ ಶುರು ಮಾಡಿ

ಕಲ್ನಾರು ಎಂಬ ಪದವೇ ಅರ್ಧ ಪಾಠ. ಕಲ್ಲಾಗಿಯೂ ನಾರಿನಂತೆ ಬಿಡಿಸಿಕೊಳ್ಳುವ ಖನಿಜ ಅದು. ಎಲ್ಲರ ಕೈಗೂ ಒಂದೊಂದು ಎಳೆ ಬಾಳೆನಾರು ಕೊಡಿ. ಉದ್ದುದ್ದ ಸೀಳಲು ಹೇಳಿ. ಸೀಳಿದ್ದನ್ನು ಮತ್ತೆ ಸೀಳಲು ಹೇಳಿ. ಹೂ ಕಟ್ಟಿ ಬಲ್ಲವರು ಉಳಿದವರಿಗಿಂತ ಸಣ್ಣಗೆ ಸೀಳುತ್ತಾರೆ. ಇನ್ನು ಆಗದು ಎಂದು ಎಲ್ಲರೂ ನಿಲ್ಲಿಸಿದಾಗ ಹೇಳಿ: ಕಲ್ನಾರಿನ ಎಳೆ ಅಡ್ಡಡ್ಡ ಮುರಿದು ಮರಳಿನಂತಾಗುವುದಿಲ್ಲ, ಹೀಗೆಯೇ ಉದ್ದಕ್ಕೆ ಸೀಳುತ್ತಾ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಶ್ವಾಸಕೋಶದ ಆಳಕ್ಕೆ ಇಳಿಯುವ ಕಲ್ನಾರಿನ ಎಳೆ 3 ಮೈಕ್ರಾನಿಗಿಂತಲೂ ತೆಳು. ಗಾಳಿಯಲ್ಲಿ ಅದು ಗಂಟೆಗಟ್ಟಲೆ ತೇಲುತ್ತದೆ. ಗ್ರೈಂಡರ್ ನಿಲ್ಲಿಸಿದ ಮೇಲೆ ದೂಳು ಕಾಣದಾಯಿತು ಎಂದರೆ ದೂಳು ಹೋಯಿತು ಎಂದಲ್ಲ.

ಇಲ್ಲಿಯೇ ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿ. ಗಟ್ಟಿಯಾಗಿ, ಬಿರುಕಿಲ್ಲದೆ ಕೂತಿರುವ ಶೀಟಿನ ಕೆಳಗೆ ಕೂತು ಊಟ ಮಾಡಿದ ಮಾತ್ರಕ್ಕೆ ಹೆದರಬೇಕಿಲ್ಲ. ಅಲ್ಲಿ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ. ಅದನ್ನು ಬಿಡಿಸುವುದು ನಮ್ಮ ಉಪಕರಣ. ಬಾಯ್ಲರ್ ಪೈಪಿನ ಸಡಿಲ ಹೊದಿಕೆ ಹಾಗಲ್ಲ. ಅದು ಕೈ ತಾಗಿದರೂ ಉದುರುತ್ತದೆ, ಅದರ ಹತ್ತಿರ ಹೋಗುವುದೇ ಬೇಡ.

ಐದನೆಯ ಹೆಜ್ಜೆ: "ನನಗೇನೂ ಆಗಿಲ್ಲವಲ್ಲ" ಎಂಬ ಮಾತಿಗೆ ಉತ್ತರ

ಈ ಮಾತು ಬಂದೇ ಬರುತ್ತದೆ. ಸಾಮಾನ್ಯವಾಗಿ ಹಿರಿಯ ಮೇಸ್ತ್ರಿಯೊಬ್ಬರು ಹೇಳುತ್ತಾರೆ: "ಇಪ್ಪತ್ತೈದು ವರ್ಷದಿಂದ ಶೀಟು ಕೊಯ್ದಿದ್ದೇನೆ ಸಾರ್, ಗಟ್ಟಿಮುಟ್ಟಾಗಿದ್ದೇನೆ." ಅವರನ್ನು ಎಲ್ಲರೆದುರು ತಿದ್ದಲು ಹೋಗಬೇಡಿ. ಆ ಗುಂಪಿನಲ್ಲಿ ನಿಮಗಿಂತ ಅವರ ಮಾತಿಗೆ ತೂಕ ಹೆಚ್ಚು. "ಆಗದಿರಲಿ ಎಂದೇ ಈ ಮಾತು, ಮೇಸ್ತ್ರಿಗಳೇ" ಎಂದು ಹೇಳಿ, ಕಾಯಿಲೆಯ ಲೆಕ್ಕವನ್ನು ಬಿಡಿಸಿ.

ಮುಖ್ಯ ಕಾಯಿಲೆಗಳು ಮೂರು. ವರ್ಷಗಟ್ಟಲೆ ಹೆಚ್ಚು ದೂಳು ಕುಡಿದವರ ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗಿ ಏದುಸಿರು ತರುವ ಆಸ್ಬೆಸ್ಟೋಸಿಸ್. ಶ್ವಾಸಕೋಶದ ಕ್ಯಾನ್ಸರ್. ಶ್ವಾಸಕೋಶ ಅಥವಾ ಹೊಟ್ಟೆಯ ಹೊದಿಕೆಗೆ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್. ಕ್ಯಾನ್ಸರುಗಳು ಕಾಣಿಸಿಕೊಳ್ಳಲು ಹತ್ತಾರು ವರ್ಷ ಬೇಕು. ಮೀಸೋಥೀಲಿಯೋಮಾಕ್ಕೆ ಸಾಮಾನ್ಯವಾಗಿ 20ರಿಂದ 50 ವರ್ಷ. ಇಪ್ಪತ್ತರ ವಯಸ್ಸಿನಲ್ಲಿ ಉಸಿರಾಡಿದ್ದು ಅರವತ್ತರಲ್ಲಿ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಗುತ್ತಿಗೆದಾರ ಬದಲಾಗಿರುತ್ತಾನೆ, ಊರು ಬದಲಾಗಿರುತ್ತದೆ, ಹಾಜರಿ ಪುಸ್ತಕ ರದ್ದಿಗೆ ಹೋಗಿರುತ್ತದೆ. ಹೀಗಾಗಿ ನಮ್ಮ ಕಣ್ಣಿಗೆ ರೋಗಿ ಕಾಣುತ್ತಾನೆಯೇ ಹೊರತು ಶೀಟು ಕಾಣುವುದಿಲ್ಲ.

ಬಿಳಿ, ಕಂದು, ನೀಲಿ, ಯಾವ ಬಗೆಯ ಕಲ್ನಾರಾದರೂ ಕ್ಯಾನ್ಸರ್ ತರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ತೀರ್ಮಾನ. ಕೆಲಸದ ಜಾಗದ ಕಲ್ನಾರಿನಿಂದ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಮಂದಿ ಸಾಯುತ್ತಾರೆಂದು ಅದೇ ಸಂಸ್ಥೆಯ ಅಂದಾಜು. ಈ ಅಂಕಿಯನ್ನು ಹೇಳಿ, ಆದರೆ ಹೆದರಿಸಿ ಬಿಡಬೇಡಿ. ಒಂದು ಸಲ ದೂಳು ಬಿದ್ದವನಿಗೆ ಕಾಯಿಲೆ ಖಚಿತ ಎಂದಲ್ಲ. ಎಷ್ಟು ನಾರು, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ಏರುತ್ತದೆ. ಇಷ್ಟರವರೆಗೆ ಏನೂ ಆಗದು ಎನ್ನುವ ಸುರಕ್ಷಿತ ಮಿತಿ ಮಾತ್ರ ಗೊತ್ತಾಗಿಲ್ಲ. ಆದ್ದರಿಂದ ಇಪ್ಪತ್ತೈದು ವರ್ಷ ಕೊಯ್ದ ಮೇಸ್ತ್ರಿಗೂ ಇವತ್ತು ನಿಲ್ಲಿಸುವುದರಿಂದ ಲಾಭವಿದೆ. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು. ಬೀಡಿ ಬಿಡಿಸಲು ಇದಕ್ಕಿಂತ ಬಲವಾದ ಕಾರಣ ನನಗೆ ಸಿಕ್ಕಿಲ್ಲ.

ಇನ್ನೊಂದನ್ನು ತಪ್ಪದೆ ಹೇಳಿ. ದೂಳು ಹಿಡಿದ ಅಂಗಿಯನ್ನು ಮನೆಯಲ್ಲಿ ಒಗೆದ ಹೆಂಡತಿಯರಿಗೆ ಮೀಸೋಥೀಲಿಯೋಮಾ ಬಂದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ತನ್ನ ಎದೆಯ ಬಗ್ಗೆ ತಲೆ ಕೆಡಿಸಿಕೊಳ್ಳದ ಗಂಡಸು ಈ ಮಾತಿಗೆ ಸುಮ್ಮನಾಗುವುದನ್ನು ನಾನು ಪ್ರತಿ ತರಗತಿಯಲ್ಲೂ ಕಂಡಿದ್ದೇನೆ.

ಆರನೆಯ ಹೆಜ್ಜೆ: ಕೈ ಎಲ್ಲಿ ನಿಲ್ಲಬೇಕು

ಈಗ ಎಲ್ಲರನ್ನೂ ಎಬ್ಬಿಸಿ, ಪಟ್ಟಿ ಹಿಡಿದು ಜಾಗಗಳಿಗೆ ಕರೆದೊಯ್ಯಿರಿ. ಪ್ರತಿ ಜಾಗದಲ್ಲಿ "ಇಲ್ಲಿ ನಿಮಗೆ ಏನು ಕೆಲಸ ಬರಬಹುದು?" ಎಂದು ಅವರನ್ನೇ ಕೇಳಿ. ಟ್ಯೂಬ್‌ಲೈಟ್ ತೂಗುಹಾಕುವುದು, ಪೈಪ್ ಹಾಯಿಸಲು ತೂತು, ತೆಂಗಿನಕಾಯಿ ಬಿದ್ದು ಒಡೆದ ಮೂಲೆ, ಮಂಗಗಳು ಕುಣಿದು ಸಡಿಲವಾದ ಬೋಲ್ಟು, ಹೀಗೆ ಒಂದೊಂದೇ ಬರುತ್ತದೆ. ಪ್ರತಿಯೊಂದಕ್ಕೂ ಶೀಟನ್ನು ಮುಟ್ಟದ ದಾರಿ ಇದೆಯೇ ನೋಡಿ. ಟ್ಯೂಬ್‌ಲೈಟಿನ ಕ್ಲಾಂಪನ್ನು ಶೀಟಿಗಲ್ಲ, ಕೆಳಗಿನ ಕಬ್ಬಿಣದ ಅಡ್ಡಪಟ್ಟಿಗೆ ಹಿಡಿಸಬಹುದು. ಪೈಪನ್ನು ಗೋಡೆಯಿಂದ ಹೊರಹಾಕಬಹುದು. ಬಹಳಷ್ಟು ತೂತುಗಳಿಗೆ ಕಾರಣ ಅವಸರ ಮಾತ್ರ.

ಕೊರೆಯುವುದು, ಕೊಯ್ಯುವುದು, ಉಜ್ಜುವುದು, ಮುರಿಯುವುದು ಬೇಡ ಎಂಬುದು ಬೇಗ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು ಸ್ವಚ್ಛತೆಯ ಕೆಲಸ. ಮಲೆನಾಡು, ಕರಾವಳಿಯಲ್ಲಿ ಶೀಟಿನ ಮೇಲೆ ಪಾಚಿ ದಪ್ಪಗೆ ಕಟ್ಟುತ್ತದೆ. ಬಣ್ಣ ಬಳಿಯುವ ಮುಂಚೆ ಅದನ್ನು ತಂತಿ ಬ್ರಷ್ಷಿನಿಂದ ಕೆರೆಯುತ್ತಾರೆ ಅಥವಾ ಜೋರು ಒತ್ತಡದ ನೀರಿನ ಯಂತ್ರದಿಂದ ಹೊಡೆಯುತ್ತಾರೆ. ಮಳೆ ಬಿಸಿಲಿಗೆ ಸವೆದ ಶೀಟಿನ ಮೇಲ್ಪದರದಲ್ಲಿ ನಾರು ಆಗಲೇ ಹೊರಗೆ ಬಂದಿರುತ್ತದೆ. ಕೆರೆತ ಅದನ್ನೆಲ್ಲ ಕಿತ್ತು ಹರಡುತ್ತದೆ, ನೀರಿನ ಜೊತೆ ಹರಿದದ್ದು ಒಣಗಿ ಮತ್ತೆ ಗಾಳಿಗೇರುತ್ತದೆ. ಎರಡೂ ಬೇಡ. ಒಣ ಪೊರಕೆ, ಬ್ಲೋವರ್, ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್ ಇವೂ ಬೇಡ.

ಮುಖದ ಮಾಸ್ಕಿನ ಬಗ್ಗೆ ಪ್ರಶ್ನೆ ಬರುತ್ತದೆ. ಕರ್ಚೀಫು, ಬಟ್ಟೆಯ ಮಾಸ್ಕು, ಆಸ್ಪತ್ರೆಯ ನೀಲಿ ಮಾಸ್ಕು ಯಾವುದೂ ಈ ಎಳೆಗಳನ್ನು ತಡೆಯುವುದಿಲ್ಲ. ಅತಿ ಸಣ್ಣ ದೂಳನ್ನೂ ಸೋಸುವ, ಐಎಸ್ 9473 ಮಾನಕದ ಎಫ್‌ಎಫ್‌ಪಿ3 ದರ್ಜೆಯದು ಬೇಕು, ಮುಖಕ್ಕೆ ಗಾಳಿ ನುಸುಳದಂತೆ ಕೂರಬೇಕು, ಗಡ್ಡವಿದ್ದರೆ ಕೂರುವುದಿಲ್ಲ. ಮಾಸ್ಕು ಇದೆ ಎಂದು ಡ್ರಿಲ್ ಎತ್ತಿಕೊಳ್ಳುವಂತಿಲ್ಲ. ಅದು ಅವಘಡವಾದಾಗಿನ ರಕ್ಷಣೆ.

ಏಳನೆಯ ಹೆಜ್ಜೆ: ನಾರಿಗಿಂತ ಮುಂಚೆ ಕೊಲ್ಲುವುದು ಮಾಡಿನಿಂದ ಬೀಳುವುದು

ಕಲ್ನಾರಿನ ಪಾಠದಲ್ಲಿ ಇದನ್ನು ಬಿಡುವವರೇ ಹೆಚ್ಚು. ಕ್ಯಾನ್ಸರಿಗೆ ದಶಕಗಳು ಬೇಕು. ಶೀಟು ಮುರಿದು ಕೆಳಗೆ ಬೀಳಲು ಒಂದು ಹೆಜ್ಜೆ ಸಾಕು. 6 ಮಿಲಿಮೀಟರ್ ದಪ್ಪದ ಶೀಟು ಆಳಿನ ಭಾರಕ್ಕೆ ಮಾಡಿದ್ದಲ್ಲ, ಹಳತಾದಂತೆ ಇನ್ನೂ ಪೆಡಸಾಗುತ್ತದೆ. ಬೋಲ್ಟಿನ ಸಾಲಿನ ಮೇಲೆ ಕಾಲಿಟ್ಟರೆ ಒಡೆಯುವುದಿಲ್ಲ ಎಂಬ ನಂಬಿಕೆ ಎಲ್ಲ ಊರಿನಲ್ಲೂ ಇದೆ. ಅದನ್ನು ನಂಬಿ ಯಾರನ್ನೂ ಹತ್ತಿಸಬೇಡಿ. ಮಾಡಿನ ನೀರಿನ ದೋಣಿಯಲ್ಲಿ ಕಟ್ಟಿದ ಎಲೆ ತೆಗೆಯುವುದಾದರೆ ಏಣಿ ಅಥವಾ ಅಟ್ಟಣೆಯ ಮೇಲಿಂದ ಮಾಡಿ. ಹತ್ತಲೇಬೇಕಾದರೆ ಹಲವು ಅಡ್ಡಪಟ್ಟಿಗಳ ಮೇಲೆ ಭಾರ ಹಂಚುವ ಹಲಗೆ ಏಣಿ, ಗಟ್ಟಿ ಆಸರೆಗೆ ಕಟ್ಟಿದ ಸುರಕ್ಷತಾ ಬೆಲ್ಟು, ಕೆಳಗೆ ಬಲೆ ಇರಬೇಕು.

ಎಂಟನೆಯ ಹೆಜ್ಜೆ: ಒಡೆದರೆ ಏನು ಮಾಡಬೇಕು, ಮಾಡಿಯೇ ಕಲಿಸಿ

ಒಂದು ರಟ್ಟಿನ ತುಂಡಿನ ಮೇಲೆ ಅರಿಶಿನ ಪುಡಿ ಸುರಿದು ಅದನ್ನೇ ಒಡೆದ ಶೀಟು ಎಂದುಕೊಳ್ಳಲು ಹೇಳಿ. ಇಬ್ಬರಿಗೆ ಕೈಗವಸು, ಬಳಸಿ ಎಸೆಯುವ ಮೇಲಂಗಿ ತೊಡಿಸಿ. ಉಳಿದವರು ಸುತ್ತ ನಿಂತು ನೋಡಲಿ. ಕ್ರಮ ಹೀಗೆ:

1. ಕೆಲಸ ಅಲ್ಲಿಗೇ ನಿಲ್ಲಿಸಿ. ಫ್ಯಾನು, ಎಸಿ ಆರಿಸಿ, ಜನರನ್ನು ದೂರ ಕಳುಹಿಸಿ, ಬಾಗಿಲು ಮುಚ್ಚಿ ಅಥವಾ ಹಗ್ಗ ಕಟ್ಟಿ.
2. ಮೇಲ್ವಿಚಾರಕರಿಗೆ ತಿಳಿಸಿ. ಸಡಿಲ ಹೊದಿಕೆ ಉದುರಿದ್ದಾದರೆ ಅಥವಾ ಶೀಟು ಹಲವು ಚೂರಾಗಿದ್ದರೆ ಮುಂದಿನದು ನುರಿತವರ ಕೆಲಸ. ನೀವು ಮರಳಿ ಒಳಗೆ ಹೋಗಬೇಡಿ.
3. ಕೈಯಲ್ಲಿ ಹಿಡಿಯಬಹುದಾದ ಒಂದೆರಡು ಶೀಟಿನ ಚೂರುಗಳಾದರೆ ಎಫ್‌ಎಫ್‌ಪಿ3 ಮಾಸ್ಕು, ಕೈಗವಸು, ಮೇಲಂಗಿ ತೊಟ್ಟು, ಸ್ವಲ್ಪ ಸೋಪು ಬೆರೆಸಿದ ನೀರನ್ನು ಹೂವಿಗೆ ಚಿಮುಕಿಸುವಂತೆ ಮೆಲ್ಲಗೆ ಸಿಂಪಡಿಸಿ.
4. ಮತ್ತೆ ಮುರಿಯದೆ ಎತ್ತಿ ದಪ್ಪ ಪಾಲಿಥಿನ್ ಚೀಲಕ್ಕೆ ಹಾಕಿ. ಉಳಿದ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಅದೇ ಚೀಲಕ್ಕೆ ಹಾಕಿ ಕಟ್ಟಿ, ಎರಡನೆಯ ಚೀಲದಲ್ಲಿಡಿ.
5. ಮೇಲಂಗಿ, ಕೈಗವಸನ್ನು ಒಳಗು ಹೊರಗಾಗಿ ಮಗುಚಿ ಬಿಚ್ಚಿ. ಮಾಸ್ಕು ಎಲ್ಲಕ್ಕಿಂತ ಕೊನೆಗೆ. ಸ್ನಾನ ಮಾಡಿ. ಮೈಮೇಲಿನ ಬಟ್ಟೆಗೆ ದೂಳು ಹತ್ತಿದ್ದರೆ ಮನೆಗೆ ಒಯ್ಯಬೇಡಿ.

ಆಟ ಮುಗಿದ ಮೇಲೆ ಅರಿಶಿನ ಎಲ್ಲೆಲ್ಲಿ ಅಂಟಿದೆ ಎಂದು ಎಲ್ಲರೂ ಹುಡುಕಲಿ. ಮಣಿಕಟ್ಟಿನಲ್ಲಿ, ಮೂಗಿನ ಬದಿಯಲ್ಲಿ, ಬಾಗಿಲ ಹಿಡಿಯಲ್ಲಿ, ಮೊಬೈಲಿನ ಮೇಲೆ ಸಿಗುತ್ತದೆ. ಒಂದು ಗಂಟೆಯ ಮಾತಿಗಿಂತ ಆ ಹಳದಿ ಕಲೆ ಹೆಚ್ಚು ಕಲಿಸುತ್ತದೆ.

ಚೀಲದ ಮೇಲೆ ಕನ್ನಡದಲ್ಲಿ ಕಲ್ನಾರು ಎಂದು ಬರೆದು ಬೀಗವಿರುವ ಕೋಣೆಯಲ್ಲಿಡಿ. ಅದನ್ನು ಕಟ್ಟಡದ ಅವಶೇಷದ ಜೊತೆ ಟ್ರ್ಯಾಕ್ಟರಿಗೆ ಹಾಕಬಾರದು, ಗುಜರಿಗೆ ಕೊಡಬಾರದು, "ಕೊಟ್ಟಿಗೆಗೆ ಬೇಕು ಸಾರ್" ಎಂದವರಿಗೂ ಕೊಡಬಾರದು. ವಿಲೇವಾರಿ ಎಲ್ಲಿ, ಯಾರ ಮೂಲಕ ಎಂದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಮುಂಚೆಯೇ ಕೇಳಿಟ್ಟುಕೊಳ್ಳಿ. ಚೀಲ ತುಂಬಿದ ಮೇಲೆ ಕೇಳಲು ಹೋದರೆ ಅದು ತಿಂಗಳುಗಟ್ಟಲೆ ಮೂಲೆಯಲ್ಲೇ ಉಳಿಯುತ್ತದೆ.

ಒಂಬತ್ತನೆಯ ಹೆಜ್ಜೆ: ದಾಖಲೆ

ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಕಾರ್ಮಿಕನ ಆರೋಗ್ಯವು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಕಲ್ನಾರು ಉದ್ದಿಮೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಬಿಟ್ಟ ಮೇಲೆ 15 ವರ್ಷ, ಯಾವುದು ನಂತರ ಬರುತ್ತದೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಆ ಆದೇಶ ಉದ್ದಿಮೆಗಳಿಗೆ ಸಂಬಂಧಿಸಿದ್ದು. ಆದರೂ ಅದರ ಅಳತೆಯನ್ನು ನಮ್ಮ ರಿಜಿಸ್ಟರಿಗೂ ಇಟ್ಟುಕೊಳ್ಳುವುದು ನ್ಯಾಯ, ಏಕೆಂದರೆ ಕಾಯಿಲೆ ಕಾಣಿಸಿಕೊಳ್ಳುವ ಕಾಲವೂ ಅಷ್ಟೇ ದೂರದ್ದು. ದಿನಾಂಕ, ಜಾಗ, ಏನು ಒಡೆಯಿತು, ಯಾರು ಇದ್ದರು, ಎಷ್ಟು ಹೊತ್ತು ಎಂದು ಬರೆಯಿರಿ. ಅದರ ಒಂದು ಪ್ರತಿಯನ್ನು ಕೆಲಸಗಾರನ ಕೈಗೇ ಕೊಡಿ. ಆಸ್ಬೆಸ್ಟೋಸಿಸ್ ನಮ್ಮ ಪರಿಹಾರ ಕಾನೂನಿನಲ್ಲಿ ವೃತ್ತಿಯಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿದೆ. ಆದರೆ ವೃತ್ತಿಗೆ ಪುರಾವೆ ಇಲ್ಲದೆ ಪಟ್ಟಿಯಿಂದ ಪ್ರಯೋಜನವಿಲ್ಲ. ಹಿಂದೆ ಹೆಚ್ಚು ಕೊಯ್ದವರಿಗೆ ಏದುಸಿರು ಅಥವಾ ಬಿಡದ ಕೆಮ್ಮು ಬಂದರೆ ವೈದ್ಯರ ಬಳಿ "ಶೀಟು ಕೊಯ್ಯುವ ಕೆಲಸ ಮಾಡಿದ್ದೇನೆ" ಎಂದು ತಾವಾಗಿಯೇ ಹೇಳಲು ಕಲಿಸಿ. ವೈದ್ಯರು ಕೇಳದೆ ಇರಬಹುದು. ಕ್ಷಯವೆಂದೋ ಧೂಮಪಾನದ ಕೆಮ್ಮೆಂದೋ ತಿಳಿದು ಚಿಕಿತ್ಸೆ ಸಾಗಿಬಿಡಬಹುದು.

ತರಬೇತಿ ನಾಟಿತೇ ಎಂದು ನೋಡಲು ಬರಹದ ಪರೀಕ್ಷೆ ಬೇಡ. ಎರಡು ವಾರ ಬಿಟ್ಟು, ಪಟ್ಟಿಯಲ್ಲಿರುವ ಒಂದು ಷೆಡ್ಡಿನ ಹೆಸರು ಹೇಳಿ, ಅಲ್ಲಿ ಫ್ಯಾನು ಕೂರಿಸಲು ಕೆಲಸದ ಚೀಟಿ ಬರೆದುಕೊಡಿ. ಬಾಗಿಲ ಮೇಲಿನ ಪಟ್ಟಿ ನೋಡಿ, ಚೀಟಿಯನ್ನು ಹಿಡಿದು ನಿಮ್ಮ ಬಳಿ ವಾಪಸು ಬಂದವನಿಗೆ ಎಲ್ಲರೆದುರು ಶಹಬ್ಬಾಸ್ ಹೇಳಿ. ಡ್ರಿಲ್ ತೆಗೆದುಕೊಂಡು ಹೊರಟವನನ್ನು ಏಣಿ ಹತ್ತುವ ಮೊದಲೇ ತಡೆದು ಮುಂದಿನ ತರಗತಿಯಲ್ಲಿ ಮತ್ತೆ ಕೂರಿಸಿ. ವರ್ಷಕ್ಕೊಮ್ಮೆ, ಮಳೆಗಾಲದ ದುರಸ್ತಿ ಶುರುವಾಗುವ ಮೊದಲು, ಏಪ್ರಿಲ್‌ನಲ್ಲಿ ಪಟ್ಟಿಯನ್ನು ಹೊಸದಾಗಿ ಬರೆದು ತರಬೇತಿಯನ್ನು ಪುನಃ ನಡೆಸಿ. ನಡುವೆ ಹೊಸಬನೊಬ್ಬ ಸೇರಿದರೆ ಏಪ್ರಿಲ್‌ಗಾಗಿ ಕಾಯಬೇಡಿ. ಮೊದಲ ದಿನ ಅವನ ಕೈಗೆ ಉಪಕರಣದ ಚೀಲ ಕೊಡುವ ಮುಂಚೆ ಪಟ್ಟಿ ಹಿಡಿದು ಆವರಣವನ್ನು ಒಂದು ಸುತ್ತು ಹಾಕಿಸಿ, ಆ ಹಿರಿಯ ಮೇಸ್ತ್ರಿಯ ಜೊತೆಯಲ್ಲೇ.